ಫೋನಿನ ಗೀಳಿಗೆ ಫೋನಿನಲ್ಲೇ ಚಿಕಿತ್ಸೆ: ಮುಂಬೈ ಕನ್ನಡಿಗರಿಗೊಂದು ಕೈಪಿಡಿ

"ಅಲ್ಲ ಮೇಡಂ, ಫೋನು ಬಿಡಿಸೋಕೆ ಫೋನಲ್ಲೇ ಮಾತಾಡೋದಾ? ಕುಡುಕನನ್ನ ಬಾರಲ್ಲಿ ಕೂರಿಸಿ ಬುದ್ಧಿ ಹೇಳಿದ ಹಾಗಾಯ್ತಲ್ಲ!"

ಆನ್‌ಲೈನ್ ಚಿಕಿತ್ಸೆ ಅಂದ ಕೂಡಲೇ ಡೊಂಬಿವಲಿಯಿಂದ ಮೀರಾ ರೋಡ್‌ವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಆದರೆ ಕುಡಿತ ಪೂರ್ತಿ ಬಿಟ್ಟು ಬದುಕಬಹುದು. ಫೋನು ಬಿಟ್ಟು ಮುಂಬೈಯಲ್ಲಿ ಒಂದು ದಿನ ಕಳೆಯಿರಿ ನೋಡೋಣ. ಲೋಕಲ್ ಟಿಕೆಟ್ಟು ಅದರಲ್ಲಿ, ತರಕಾರಿಯವನ ದುಡ್ಡು ಅದರಲ್ಲಿ, ಮಗುವಿನ ಶಾಲೆಯ ನೋಟಿಸು ವಾಟ್ಸಾಪ್ ಗ್ರೂಪಿನಲ್ಲಿ, ಹೋಟೆಲಿಗೆ ಬರುವ ಪಾರ್ಸೆಲ್ ಆರ್ಡರೂ ಅದರಲ್ಲೇ. ಹಾಗಾಗಿ ಇಲ್ಲಿ ಯಾರೂ ನಿಮಗೆ ಇಂಟರ್ನೆಟ್ ಬಿಡಿ ಅನ್ನುವುದಿಲ್ಲ. ಹಿಡಿತಕ್ಕೆ ತಂದುಕೊಳ್ಳಿ ಅನ್ನುತ್ತಾರೆ. ಆ ಹಿಡಿತವನ್ನು ಕಲಿಯಬೇಕಾದ್ದು ಫೋನು ಕೈಯಲ್ಲಿ ಇರುವಾಗಲೇ.

ಇನ್ನೊಂದು ಕಾರಣ ಈ ಊರಿನದ್ದೇ. ಮುಂಬೈ, ಪುಣೆ, ಗೋವಾಗಳಲ್ಲಿ ಕನ್ನಡ ಬರುವ ಮನೋಚಿಕಿತ್ಸಕರು ಹುಡುಕಿದರೆ ಸಿಗುತ್ತಾರೆ, ಆದರೆ ನಿಮ್ಮ ಗಲ್ಲಿಯಲ್ಲಿ ಸಿಗುವುದಿಲ್ಲ. ಹೋಟೆಲಿನವರಿಗೆ ಬಿಡುವು ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ, ಸಂಜೆ ಟಿಫಿನ್ ಶುರುವಾಗುವ ಮುಂಚೆ. ಅಷ್ಟರಲ್ಲಿ ಲೋಕಲ್ ಹತ್ತಿ ಇನ್ನೊಂದು ಮೂಲೆಗೆ ಹೋಗಿ ಬರುವುದು ಆಗದ ಮಾತು. ಆನ್‌ಲೈನ್ ಆದರೆ ಧಾರವಾಡದಲ್ಲೋ ಮಂಗಳೂರಿನಲ್ಲೋ ಕೂತವರ ಹತ್ತಿರ ಕನ್ನಡದಲ್ಲೇ ಮಾತಾಡಬಹುದು.

ನಾನು ಮುಲುಂಡಿನಲ್ಲಿ ಕೂತು ಕನ್ನಡದಲ್ಲಿ ಕೌನ್ಸೆಲಿಂಗ್ ಮಾಡುವವಳು. ಶುರುವಿನಿಂದ ಏನೇನು ಮಾಡಬೇಕು ಅನ್ನುವುದನ್ನು ಹೇಳುತ್ತಾ ಹೋಗುತ್ತೇನೆ. ನಡುವೆ ಬರುವವರ ಗುರುತು ಬದಲಿಸಿದ್ದೇನೆ.

ಮೊದಲ ಹೆಜ್ಜೆ: ಇದು ನಿಜಕ್ಕೂ ತೊಂದರೆಯಾ ಅಂತ ನೋಡಿಕೊಳ್ಳಿ

ದಿನಕ್ಕೆ ಎಷ್ಟು ಗಂಟೆ ಅನ್ನುವ ಲೆಕ್ಕದಿಂದ ಶುರು ಮಾಡಬೇಡಿ. ಹಿಂಜೇವಾಡಿಯ ಐಟಿ ಹುಡುಗಿ ದಿನಕ್ಕೆ 10 ಗಂಟೆ ಸ್ಕ್ರೀನ್ ಮುಂದೆ ಇರುತ್ತಾಳೆ, ಅದು ಅವಳ ನೌಕರಿ. ಇನ್ನೊಬ್ಬ ನೋಡುವುದು 3 ಗಂಟೆ ಅಷ್ಟೇ, ಆದರೆ ಆ 3 ಗಂಟೆ ರಾತ್ರಿ 1ರಿಂದ 4. ಯಾರಿಗೆ ತೊಂದರೆ ಅಂತ ನೀವೇ ಹೇಳಿ.

ಕೇಳಿಕೊಳ್ಳಬೇಕಾದ್ದು ಹೀಗೆ. ನಿಲ್ಲಿಸಬೇಕು ಅಂದುಕೊಂಡಾಗ ನಿಲ್ಲಿಸಲು ಆಗುತ್ತಿದೆಯಾ? ನಿದ್ದೆ, ಊಟ, ಕೆಲಸ, ಮನೆಯವರ ಜೊತೆ ಮಾತು, ಇವುಗಳಲ್ಲಿ ಯಾವುದು ಅದರಿಂದ ಹಿಂದೆ ಬಿದ್ದಿದೆ? ಎಷ್ಟು ಹೊತ್ತು ನೋಡಿದೆ ಅನ್ನುವುದರ ಬಗ್ಗೆ ಸುಳ್ಳು ಹೇಳುತ್ತಿದ್ದೀರಾ? ಸಂಬಳ ಕಟ್ಟಾಯಿತು, ಪರೀಕ್ಷೆ ಹೋಯಿತು, ಹೆಂಡತಿ ಮಾತು ಬಿಟ್ಟಳು ಅಂತ ಗೊತ್ತಿದ್ದೂ ಮುಂದುವರಿಸುತ್ತಿದ್ದೀರಾ?

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಗೀಳು ಒಂದು ಕಾಯಿಲೆ ಅಂತಲೇ ಸೇರಿದೆ. ಅದರ ಗುರುತುಗಳೂ ಇವೇ: ಹಿಡಿತ ತಪ್ಪುವುದು, ಬೇರೆಲ್ಲದಕ್ಕಿಂತ ಆಟವೇ ಮುಂದಾಗುವುದು, ಹಾನಿ ಕಂಡರೂ ಬಿಡದಿರುವುದು. ಸಾಮಾನ್ಯವಾಗಿ ಇದು 12 ತಿಂಗಳು ನಡೆದಿರಬೇಕು. ರೀಲ್ಸ್ ನೋಡುವುದಕ್ಕೆ ಆ ಪಟ್ಟಿಯಲ್ಲಿ ಬೇರೆ ಹೆಸರಿಲ್ಲ. ಹಾಗಂತ ರೀಲ್ಸ್‌ನಿಂದ ನಿದ್ದೆಗೆಟ್ಟವರಿಗೆ ಸಹಾಯ ಸಿಗುವುದಿಲ್ಲ ಅಂತೇನಿಲ್ಲ.

ಅಂದ ಹಾಗೆ, 'ಇಂಟರ್ನೆಟ್ ಗೀಳು' ಅಂತ ಒಂದು ಕಾಯಿಲೆಯ ಲಕ್ಷಣಗಳನ್ನು 1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಐವನ್ ಗೋಲ್ಡ್‌ಬರ್ಗ್ ಬರೆದದ್ದು ತಮಾಷೆಗೆ. ಓದಿದ ಕೆಲವರು ನಮಗೂ ಇದೆ ಅಂತ ನಿಜವಾಗಿಯೇ ಹೇಳಿಕೊಂಡರು. 1998ರ ಹೊತ್ತಿಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ 20 ಪ್ರಶ್ನೆಗಳ ಒಂದು ಪರೀಕ್ಷೆಯನ್ನೇ ಮಾಡಿದರು. ಇವತ್ತಿಗೂ ಬಹಳ ಕಡೆ ಮೊದಲ ಭೇಟಿಯಲ್ಲಿ ಅದನ್ನು ಕೊಡುತ್ತಾರೆ. ನೀವೇ ಇಂಟರ್ನೆಟ್ಟಿನಲ್ಲಿ ಹುಡುಕಿ ಅಂಕ ಹಾಕಿಕೊಂಡು ಹೆದರಬೇಡಿ. ಅಂಕ ಮಾತಿಗೆ ಶುರು ಅಷ್ಟೇ, ತೀರ್ಪಲ್ಲ.

ಇದರ ಹಿಂದೆ ಬೇರೇನೋ ಇರುವುದೇ ಜಾಸ್ತಿ. ಬೇಸರದ ಕಾಯಿಲೆ (ಡಿಪ್ರೆಶನ್), ಗಾಬರಿ, ಜನರ ಎದುರು ಮುಜುಗರ, ಒಂದು ಕಡೆ ಗಮನ ನಿಲ್ಲದಿರುವುದು, ಸುಮ್ನೆ ಒಂಟಿತನ. ಕುಂದಾಪುರ ಕಡೆಯಿಂದ ಬಂದು ಹೋಟೆಲಿನ ಮಾಳಿಗೆಯಲ್ಲಿ ಹತ್ತು ಜನರ ಜೊತೆ ಮಲಗುವ ಹುಡುಗನಿಗೆ ತನ್ನದು ಅಂತ ಇರುವ ಜಾಗ ಆ ಆರು ಇಂಚಿನ ಪರದೆ ಮಾತ್ರ. ಅದನ್ನು ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು? ಒಳ್ಳೆಯ ಚಿಕಿತ್ಸಕರು ಮೊದಲು ಇದನ್ನು ಕೇಳುತ್ತಾರೆ.

ಆನ್‌ಲೈನ್ ಚಿಕಿತ್ಸೆ ಸಾಕಾಗದ ಸಂದರ್ಭಗಳು

ಸಾಯುವ ಯೋಚನೆ ಬರುತ್ತಿದ್ದರೆ, ಫೋನು ತೆಗೆದುಕೊಂಡರೆ ಹೊಡೆದಾಟಕ್ಕೆ ಇಳಿಯುವಷ್ಟು ಆಗಿದ್ದರೆ, ದಿನಗಟ್ಟಲೆ ಊಟ ನಿದ್ದೆ ಇಲ್ಲದಿದ್ದರೆ, ಯಾರೋ ಫೋನಿನೊಳಗಿಂದ ನನ್ನನ್ನು ನೋಡುತ್ತಿದ್ದಾರೆ ಅನ್ನುವಂಥ ಮಾತು ಬರುತ್ತಿದ್ದರೆ ಸ್ಕ್ರೀನ್ ಬಿಟ್ಟು ಆಸ್ಪತ್ರೆಗೆ ಹೋಗಿ. ಮುಂಬೈಯಲ್ಲಿ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ಪುಣೆಯಲ್ಲಿ ಸಸೂನ್. ಗೋವಾದಲ್ಲಿ ಬಾಂಬೋಳಿಯ ಸರ್ಕಾರಿ ಮನೋವೈದ್ಯ ಸಂಸ್ಥೆ. ವಾಸ್ಕೋ, ಮಡಗಾಂವ್ ಕಡೆಯ ನಮ್ಮವರಿಗೆ ಅದೇ ಹತ್ತಿರ. ಮರಾಠಿ, ಕೊಂಕಣಿ ಸರಿಯಾಗಿ ಬರದಿದ್ದರೆ ಬರುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್‌ನಲ್ಲಿ ಸಾಲ ಮಾಡಿಕೊಂಡವರಿಗೆ ಒಂದು ಮಾತು. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟಗಳನ್ನು ನಿಷೇಧಿಸಿದೆ. ಅದರಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಅದಕ್ಕೆ ಜಾಹೀರಾತು ಕೊಡುವವರಿಗೆ, ದುಡ್ಡು ಸಾಗಿಸುವವರಿಗೆ. ಆಡಿ ಕಳೆದುಕೊಂಡವರಿಗೆ ಅಲ್ಲ. ಪೊಲೀಸು ಗಿಲೀಸು ಅಂತ ಹೆದರಿ ಚಿಕಿತ್ಸಕರಿಂದ ಸಾಲದ ಮೊತ್ತ ಮುಚ್ಚಿಡಬೇಡಿ. ಮುಚ್ಚಿಟ್ಟ ಮೊತ್ತ ಎದೆ ಮೇಲೆ ಕೂತಿರುವಾಗ ಬೇರೆ ಯಾವ ಮಾತೂ ಮುಂದೆ ಹೋಗುವುದಿಲ್ಲ.

ಎರಡನೆಯ ಹೆಜ್ಜೆ: ಯಾರ ಹತ್ತಿರ ಹೋಗಬೇಕು

ಮನೋವೈದ್ಯರು ಎಂಬಿಬಿಎಸ್ ಮುಗಿಸಿದ ಡಾಕ್ಟರು, ಔಷಧಿ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಆದವರು. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಕೇಳಿದರೆ ಕೊಡಬೇಕು. ಕೌನ್ಸೆಲರ್ ಅನ್ನುವ ಬೋರ್ಡು ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಾನೂ ಆ ಬೋರ್ಡಿನವಳೇ, ಅದಕ್ಕೇ ಹೇಳುತ್ತಿದ್ದೇನೆ: ಏನು ಓದಿದ್ದೀರಿ, ಯಾರ ಕೈಕೆಳಗೆ ಕಲಿತಿರಿ, ಇಂಟರ್ನೆಟ್ ಗೀಳಿನವರನ್ನು ಮೊದಲು ನೋಡಿದ್ದೀರಾ ಅಂತ ಕೇಳಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವವರಾದರೆ ಬೇರೆಯವರನ್ನು ನೋಡಿ.

ಎಲ್ಲಿಂದ ಶುರು ಮಾಡಬೇಕು ಅಂತಲೇ ತೋಚದಿದ್ದರೆ 14416ಕ್ಕೆ ಫೋನು ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ಪುಕ್ಕಟೆ, ಹಗಲು ರಾತ್ರಿ ಇರುತ್ತದೆ. ಅದು ಮಾತಾಡುವ 20 ಭಾಷೆಗಳಲ್ಲಿ ಕನ್ನಡವೂ ಒಂದು, ಭಾಷೆ ಆರಿಸುವಾಗ ಕನ್ನಡ ಒತ್ತಿ. "ನನಗೆ ಫೋನಿನಿಂದ ನಿದ್ದೆ ಬರ್ತಾ ಇಲ್ಲ, ನಿಲ್ಸೋಕೆ ಆಗ್ತಾ ಇಲ್ಲ" ಅಂದರೆ ಸಾಕು, ಉಳಿದದ್ದು ಅವರೇ ಕೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಅನ್ನುವ ಕ್ಲಿನಿಕ್ ಇದೆ. ಊರಿಗೆ ಹೋಗುವಾಗ ಬೆಂಗಳೂರು ದಾರಿಯಲ್ಲಿ ಸಿಗುವುದಾದರೆ ಅಲ್ಲೇ ಒಮ್ಮೆ ತೋರಿಸಿಕೊಂಡು ಬರಬಹುದು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಐಕಾಲ್' ಕೂಡ ಫೋನಿನಲ್ಲೇ ಆಪ್ತಸಲಹೆ ಕೊಡುತ್ತದೆ.

ಮನೋವೈದ್ಯರು ಬೆಂಗಳೂರಿನಲ್ಲಿದ್ದು ನೀವು ಪುಣೆಯಲ್ಲಿದ್ದರೆ ಕಾನೂನಿನ ತೊಡಕೇನಿಲ್ಲ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ನಿಯಮಗಳ ಪ್ರಕಾರ ನೋಂದಾಯಿತ ಡಾಕ್ಟರು ದೇಶದ ಯಾವ ಮೂಲೆಯ ರೋಗಿಯನ್ನೂ ಆನ್‌ಲೈನಿನಲ್ಲಿ ನೋಡಬಹುದು. ತಮ್ಮ ನೋಂದಣಿ ಸಂಖ್ಯೆ ತಿಳಿಸಬೇಕು.

ಯಾವುದರಿಂದ ದೂರ ಇರಬೇಕು? '7 ದಿನದಲ್ಲಿ ಮೊಬೈಲ್ ಚಟ ಮಾಯ' ಅನ್ನುವವರಿಂದ. ಮೊದಲೇ ಮೂರು ತಿಂಗಳ ದುಡ್ಡು ಕೇಳುವವರಿಂದ. ಆಟೋಪೇ ಹಾಕಿಸಿಕೊಂಡು ಯಂತ್ರದ ಜೊತೆ ಚಾಟ್ ಮಾಡಿಸುವ ಆಪ್‌ಗಳಿಂದ. ಅದೂ ಇನ್ನೊಂದು ಚಾಟ್ ಅಲ್ವಾ? ಎದುರಿಗೆ ಒಬ್ಬ ಮನುಷ್ಯರ ಮುಖ ಇರಬೇಕು, ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಅವರು ನಿಮಗಾಗಿ ಕಾಯುತ್ತಿರಬೇಕು. ಬಂದವರಲ್ಲಿ ಅರ್ಧ ಜನರನ್ನು ಉಳಿಸಿಕೊಳ್ಳುವುದು ಆ ಕಾಯುವಿಕೆಯೇ ಅಂತ ನನಗೆ ಅನ್ನಿಸಿದೆ.

ಭಾಷೆಯ ವಿಷಯದಲ್ಲಿ ನಾಚಿಕೆ ಬೇಡ. ಮನೆಮಾತು ತುಳು ಆಗಿದ್ದರೆ ತುಳು ಬರುವವರನ್ನೇ ಕೇಳಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಹಿಂದಿ, ಮರಾಠಿ ಸೇರಿಸಿ ಮಾತಾಡಿದರೆ ಅದಕ್ಕೂ ಅಡ್ಡಿಯಿಲ್ಲ. ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಬೈಯುತ್ತೀರೋ ಆ ಭಾಷೆ ಚಿಕಿತ್ಸಕರಿಗೆ ಗೊತ್ತಿದ್ದರೆ ಒಳ್ಳೆಯದು.

ಫೀಸು ಮೊದಲೇ ಕೇಳಿ. ತಪ್ಪಿಸಿದ ಭೇಟಿಗೂ ಕೊಡಬೇಕಾ ಅಂತಲೂ ಕೇಳಿ. ಐಟಿ ಕಂಪನಿಗಳಲ್ಲಿ ನೌಕರರಿಗೆ ಕೆಲವು ಭೇಟಿ ಪುಕ್ಕಟೆ ಇರುವುದುಂಟು, ಎಚ್‌ಆರ್‌ಗೆ ಮೇಲ್ ಹಾಕಿ ವಿಚಾರಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಗೂ ಬೇರೆ ಕಾಯಿಲೆಯಂತೆಯೇ ವಿಮೆ ಕೊಡಬೇಕು. ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುವಂಥವು. ವಾರದ ಭೇಟಿಯ ಖರ್ಚು ಜೇಬಿನದ್ದೇ ಅಂತ ಲೆಕ್ಕ ಹಾಕಿಕೊಳ್ಳಿ.

ಮೂರನೆಯ ಹೆಜ್ಜೆ: ಕೂರುವ ಜಾಗ

ಬೇರೆ ಊರಿನ ಕೈಪಿಡಿಗಳು ಇದಕ್ಕೆ ಒಂದೇ ಸಾಲು ಬರೆಯುತ್ತವೆ: 'ಶಾಂತವಾದ, ಖಾಸಗಿ ಕೋಣೆಯಲ್ಲಿ ಕುಳಿತುಕೊಳ್ಳಿ'. ಬರೆದವರು ಡೊಂಬಿವಲಿಯ ಒನ್ ರೂಮ್ ಕಿಚನ್ ನೋಡಿಲ್ಲ. ಅಲ್ಲಿ ಗಂಡ, ಹೆಂಡತಿ, ಅತ್ತೆ, ಎರಡು ಮಕ್ಕಳು, ಒಂದು ಟಿವಿ. ಕುಕ್ಕರ್ ಕೂಗಿದರೆ ಚಿಕಿತ್ಸಕರಿಗೂ ಕೇಳಿಸುತ್ತದೆ. ಅತ್ತೆ ಪಕ್ಕದಲ್ಲಿ ಅಕ್ಕಿ ಆರಿಸುತ್ತಾ ಕೂತಿರುವಾಗ ರಾತ್ರಿ ಏನು ನೋಡುತ್ತೀರಿ ಅಂತ ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ?

ನಮ್ಮವರು ಕಂಡುಕೊಂಡ ಜಾಗಗಳನ್ನು ಹೇಳುತ್ತೇನೆ. ನಿಲ್ಲಿಸಿದ ಕಾರು, ಇದ್ದವರಿಗೆ. ಬಿಲ್ಡಿಂಗಿನ ಟೆರೇಸು, ಸೊಸೈಟಿ ಸೆಕ್ರೆಟರಿ ಬೀಗದ ಕೈ ಕೊಟ್ಟರೆ. ಮಳೆಗಾಲದಲ್ಲಿ ಅದು ಆಗುವುದಿಲ್ಲ. ಹೋಟೆಲಿನ ಫ್ಯಾಮಿಲಿ ರೂಮು, ಮಧ್ಯಾಹ್ನ ಖಾಲಿ ಇರುವ ಹೊತ್ತಿನಲ್ಲಿ. ಆಫೀಸಿನ ಸಣ್ಣ ಮೀಟಿಂಗ್ ರೂಮು, ಶಿಫ್ಟ್ ಮುಗಿದ ಮೇಲೆ. ಪರಿಚಯದ ಕನ್ನಡ ಸಂಘದ ಕೋಣೆ, ಪದಾಧಿಕಾರಿಗಳು ಯಾಕೆ ಏನು ಅಂತ ಕೇಳದವರಾದರೆ. ಮೆಟ್ಟಿಲ ಮೇಲೆ ಬೇಡ, ಎದುರು ಮನೆಯ ಕಾಕು ಬಂದು "ಕಾಯ್ ಝಾಲಂ?" (ಏನಾಯ್ತು?) ಅಂತ ಕೇಳಿಯೇ ಕೇಳುತ್ತಾರೆ. ಲೋಕಲ್ ರೈಲಿನಲ್ಲಂತೂ ಬೇಡವೇ ಬೇಡ.

ಎಲ್ಲೂ ಜಾಗ ಇಲ್ಲದಿದ್ದರೆ ಮನೆಯವರನ್ನೇ ಒಂದು ಗಂಟೆ ಹೊರಗೆ ಕಳಿಸಿ. ಒಬ್ಬ ಗಂಡ ಗುರುವಾರ ಸಂಜೆ ಅಮ್ಮನನ್ನೂ ಮಕ್ಕಳನ್ನೂ ಗಣಪತಿ ಗುಡಿಗೆ ಕರೆದುಕೊಂಡು ಹೋಗಿ ಗಂಟೆ ಕಳೆದ ಮೇಲೆ ಬರುತ್ತಿದ್ದರು. ಹೆಂಡತಿ ಬಾಗಿಲು ಹಾಕಿಕೊಂಡು ನನ್ನ ಹತ್ತಿರ ಮಾತಾಡುತ್ತಿದ್ದರು. ಅತ್ತೆಗೆ ಸೊಸೆ ಏನೋ ಆನ್‌ಲೈನ್ ಕ್ಲಾಸು ಕಲಿಯುತ್ತಿದ್ದಾಳೆ ಅನ್ನುವಷ್ಟೇ ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ಸಾಕು.

ಈಗ ಯಂತ್ರದ ವಿಷಯ. ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ಕೂರಿ, ಫೋನನ್ನು ಬೇರೆ ಕೋಣೆಯಲ್ಲೋ ಬೇರೆಯವರ ಕೈಯಲ್ಲೋ ಬಿಡಿ. ಫೋನು ಮಾತ್ರ ಇದ್ದರೆ ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿ. ಕೈಯಲ್ಲಿ ಹಿಡಿಯಬೇಡಿ, ಸ್ಟೀಲ್ ಡಬ್ಬಿಗೆ ಒರಗಿಸಿಡಿ. ಹೆಬ್ಬೆರಳು ಪರದೆಯ ಹತ್ತಿರ ಇದ್ದರೆ ಅದು ತಾನೇ ಸರಿದಾಡುತ್ತದೆ, ಕಣ್ಣು ಕೆಳಗೆ ಹೋದದ್ದು ಎದುರಿಗಿನವರಿಗೆ ಗೊತ್ತಾಗುತ್ತದೆ. ವೈರಿನ ಇಯರ್‌ಫೋನು ಸಾಕು. ಚಾರ್ಜ್ ನೋಡಿಕೊಳ್ಳಿ. ಲೈನು ಕಟ್ಟಾದರೆ ಯಾರು ಯಾರಿಗೆ ತಿರುಗಿ ಮಾಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಮೊದಲ ಭೇಟಿ

ಶುರುವಿನಲ್ಲೇ ನೀವು ಈಗ ಎಲ್ಲಿದ್ದೀರಿ, ಪೂರ್ತಿ ವಿಳಾಸ ಏನು, ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರಾ, ತುರ್ತು ಬಂದರೆ ಯಾರಿಗೆ ಫೋನು ಮಾಡಲಿ ಅಂತ ಕೇಳುತ್ತಾರೆ. ಪೊಲೀಸ್ ವಿಚಾರಣೆ ಅಂದುಕೊಳ್ಳಬೇಡಿ. ನೂರಾರು ಮೈಲಿ ದೂರ ಇರುವವರು ನಿಮಗೇನಾದರೂ ಆದರೆ ಯಾರನ್ನು ಕಳಿಸಬೇಕು ಅಂತ ತಿಳಿದಿರಬೇಕಲ್ಲ.

ಮಾತಾಡಿದ್ದು ಗುಟ್ಟಾಗಿ ಇರುತ್ತದೆ. 2017ರ ಕಾಯ್ದೆಯ 23ನೆಯ ಕಲಂ ಮಾನಸಿಕ ಕಾಯಿಲೆಯವರಿಗೆ ಈ ಹಕ್ಕು ಕೊಟ್ಟಿದೆ. ಹೆಂಡತಿ ಫೋನು ಮಾಡಿ "ಏನು ಹೇಳಿದ್ರು ಅವರು?" ಅಂತ ಕೇಳಿದರೂ ನಿಮ್ಮ ಒಪ್ಪಿಗೆ ಇಲ್ಲದೆ ಹೇಳುವ ಹಾಗಿಲ್ಲ. ಯಾರ ಪ್ರಾಣಕ್ಕಾದರೂ ಅಪಾಯ ಇರುವಂಥ, ಕಾಯ್ದೆಯೇ ಹೇಳಿದ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆ ಮಾತು. ಭೇಟಿಯನ್ನು ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ಕೇಳಬೇಕು, ಅವರೂ, ನೀವೂ.

ಬೈಗುಳಕ್ಕೆ ತಯಾರಾಗಿ ಬರುವವರೇ ಜಾಸ್ತಿ. ಬರುವುದು ಬೇರೆ ಪ್ರಶ್ನೆ: "ಇದರಿಂದ ನಿಮಗೆ ಏನು ಸಿಗುತ್ತದೆ?" ಎದುರಿಗಿದ್ದವರು ಗಲಿಬಿಲಿ ಆಗುತ್ತಾರೆ. ಆಮೇಲೆ ಹೇಳುತ್ತಾರೆ, ನಗು ಬರುತ್ತದೆ, ಯಾರೂ ಬೈಯುವುದಿಲ್ಲ, ಆಟದಲ್ಲಿ ನಾನು ಕ್ಯಾಪ್ಟನ್. ಇದನ್ನು ಒಪ್ಪಿಕೊಂಡ ಮೇಲೇ ಕಳೆದುಕೊಂಡದ್ದರ ಲೆಕ್ಕಕ್ಕೆ ಬರುತ್ತೇವೆ. ಬದಲಾಗಬೇಕು ಅನ್ನುವ ಮಾತು ನಿಮ್ಮ ಬಾಯಿಂದಲೇ ಬರಲಿ ಅಂತ ಕಾಯುವ ಪದ್ಧತಿ ಇದು.

ಜರ್ಮನಿಯ ಬೋಕುಮ್‌ನಲ್ಲಿ ಇದೇ ಪದ್ಧತಿಯನ್ನು ಬೇರೆ ಕೆಲವು ವಿಧಾನಗಳ ಜೊತೆ ಸೇರಿಸಿ, ವೆಬ್‌ಕ್ಯಾಮಿನಲ್ಲೇ ನಾಲ್ಕು ವಾರ ನಡೆಸಿ ನೋಡಿದ್ದಾರೆ. ಸರದಿಗಾಗಿ ಕಾಯುತ್ತಿದ್ದವರಿಗಿಂತ ಚಿಕಿತ್ಸೆ ಪಡೆದವರ ತೊಂದರೆ ಕಡಿಮೆ ಆಯಿತು. ಮುಖಾಮುಖಿ ಚಿಕಿತ್ಸೆಯ ಬಗ್ಗೆ 2019ರಲ್ಲಿ ಇನ್ನೊಂದು ಜರ್ಮನ್ ಅಧ್ಯಯನ ಬಂತು. ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ 15 ವಾರಗಳ ಚಿಕಿತ್ಸೆ ಅದು, 143 ಜನರ ಮೇಲೆ ನಡೆದದ್ದು. ಚಿಕಿತ್ಸೆ ಪಡೆದ 10ರಲ್ಲಿ ಸುಮಾರು 7 ಜನ ಗೀಳಿನಿಂದ ಹೊರಬಂದರು. ಅವರೆಲ್ಲ ಗಂಡಸರೇ ಅನ್ನುವುದು ನೆನಪಿರಲಿ.

ಐದನೆಯ ಹೆಜ್ಜೆ: ಡೈರಿ

ನನ್ನನ್ನು ಕೇಳಿದರೆ ಚಿಕಿತ್ಸೆಯ ಜೀವ ಇರುವುದು ಇಲ್ಲಿ. ವಾರಕ್ಕೆ ಒಂದು ಗಂಟೆ ನನ್ನ ಜೊತೆ, ಉಳಿದದ್ದೆಲ್ಲ ನಿಮ್ಮ ಜೊತೆ ನೀವೇ.

ಮೊದಲ ವಾರ ಏನನ್ನೂ ಕಡಿಮೆ ಮಾಡಬೇಡಿ. ಬರೆಯಿರಿ ಅಷ್ಟೇ. ಕಾಗದದ ಮೇಲೆ, ಪೆನ್ನಿನಲ್ಲಿ. ಫೋನಿನಲ್ಲಿ ಬರೆಯಲು ಹೋದರೆ ಬರೆಯುವ ಮೊದಲೇ ಬೇರೆಲ್ಲೋ ಹೋಗಿರುತ್ತೀರಿ. ಐದು ವಿಷಯ ಸಾಕು: ಎಷ್ಟು ಗಂಟೆಗೆ, ಎಲ್ಲಿ, ಅದಕ್ಕಿಂತ ಮುಂಚೆ ಏನಾಗಿತ್ತು, ಏನು ತೆರೆದಿರಿ, ಮುಗಿಸಿದಾಗ ಹೇಗನ್ನಿಸಿತು. ಆಂಡ್ರಾಯ್ಡ್ ಫೋನಿನ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನ ಸ್ಕ್ರೀನ್ ಟೈಮ್ ಒಟ್ಟು ಎಷ್ಟು ಹೊತ್ತು ಅಂತ ತೋರಿಸುತ್ತವೆ. ಯಾಕೆ ಅಂತ ತೋರಿಸುವುದಿಲ್ಲ.

ಅಂಧೇರಿಯ ಹೋಟೆಲೊಂದರ ಕ್ಯಾಷಿಯರ್ ಹಳೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದ ಒಂದು ಪುಟ ಹೀಗಿತ್ತು:

"ರಾತ್ರಿ 12.40. ಗಲ್ಲಾ ಲೆಕ್ಕದಲ್ಲಿ 200 ಕಮ್ಮಿ. ಧಣಿ ಎಲ್ಲರ ಎದುರು ಬೈದರು. ಹಾಸಿಗೆ. ಯೂಟ್ಯೂಬ್ ಶಾರ್ಟ್ಸ್. 3.10ಕ್ಕೆ ನಿಲ್ಲಿಸಿದೆ. ಕಣ್ಣು ಉರಿ. ಬೆಳಿಗ್ಗೆ ಲೇಟು.
ಬುಧವಾರ ರಜೆ. ಇಡೀ ದಿನ ಫೋನು ನೋಡಲಿಲ್ಲ. ಯಕ್ಷಗಾನಕ್ಕೆ ಹೋಗಿದ್ದೆ.
ರಾತ್ರಿ 12.55. ಲೆಕ್ಕ ಸರಿ ಇತ್ತು. ಹಾಡು ಕೇಳಿ ಮಲಗಿದೆ. 1.20."

ಅವರು ಬಂದಾಗ ಹೇಳಿದ್ದು ತನಗೆ ಮೊಬೈಲ್ ಹುಚ್ಚು ಹಿಡಿದಿದೆ ಅಂತ. ಪುಟ ನೋಡಿದ ಮೇಲೆ ಇಬ್ಬರಿಗೂ ಕಂಡದ್ದು ಬೈಗುಳ ತಿಂದ ರಾತ್ರಿಗಳು. ಅಲ್ಲಿಂದ ಮುಂದೆ ಮಾತು ಆ ಗಲ್ಲಾ ಲೆಕ್ಕದ ಬಗ್ಗೆ, ಅವಮಾನದ ಬಗ್ಗೆ, ಮೂರು ವರ್ಷ ಊರಿಗೆ ಹೋಗದ ಬಗ್ಗೆ ನಡೆಯಿತು. ಫೋನಿನ ಹೆಸರು ಬಂದದ್ದೇ ಕಡಿಮೆ.

ಆರನೆಯ ಹೆಜ್ಜೆ: ಒಂದೊಂದಾಗಿ ಬದಲಿಸುವುದು

ಡೈರಿ ತೋರಿಸಿದ ಒಂದು ಹೊತ್ತನ್ನು ಮಾತ್ರ ಆರಿಸಿಕೊಳ್ಳಿ. ಹೆಚ್ಚಿನವರಿಗೆ ಅದು ಹಾಸಿಗೆಯ ಹೊತ್ತು. ಚಾರ್ಜರನ್ನು ಅಡುಗೆಮನೆಗೆ ಸಾಗಿಸಿ, ಏಳುವುದಕ್ಕೆ ಹಳೇ ಅಲಾರಂ ಗಡಿಯಾರ ತನ್ನಿ. ಹೋಟೆಲಿನ ಮಾಳಿಗೆಯಲ್ಲಿ ಮಲಗುವವರು ಜೊತೆಯವನೊಬ್ಬನ ಹತ್ತಿರ ಫೋನು ಕೊಟ್ಟು ಮಲಗಬಹುದು, ಅವನೂ ತನ್ನದನ್ನು ನಿಮ್ಮ ಹತ್ತಿರ ಕೊಟ್ಟರೆ ಇನ್ನೂ ಒಳ್ಳೆಯದು. ಫೋನಿನಿಂದ ಆಪ್ ತೆಗೆದುಹಾಕಿ, ಖಾತೆ ಅಳಿಸುವುದು ಬೇಡ. ಸಿಟ್ಟಿನಲ್ಲಿ ಖಾತೆ ಅಳಿಸಿದವರು ಬೇಗ ಹೊಸದು ತೆರೆಯುತ್ತಾರೆ. ವಿಡಿಯೊ ತಾನೇ ಮುಂದಕ್ಕೆ ಹೋಗುವುದನ್ನು ಬಂದ್ ಮಾಡಿ. ಪರದೆ ಕಪ್ಪು ಬಿಳುಪು ಮಾಡಿದರೆ ಕೆಲವರಿಗೆ ಆಸೆ ಅರ್ಧ ಇಳಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ದುಡ್ಡಿನ ಆಟದವರು ಯುಪಿಐ ಮಿತಿ ಇಳಿಸಲಿ, ಸಂಬಳದ ಖಾತೆಯನ್ನು ಸ್ವಲ್ಪ ಕಾಲ ಮನೆಯವರು ನೋಡಿಕೊಳ್ಳಲಿ.

ಆಸೆ ಬಂದಾಗ ತಡೆಯುವುದು ಹೇಗೆ? ಬರುವುದು ಬರಲಿ, ಹತ್ತು ಹದಿನೈದು ನಿಮಿಷ ತಡ ಮಾಡಿ. ನೀರು ಕುಡಿಯಿರಿ, ಕೆಳಗಿಳಿದು ಒಂದು ಸುತ್ತು ಹೋಗಿ ಬನ್ನಿ. ಏರಿದ್ದು ಇಳಿಯುತ್ತದೆ ಅನ್ನುವುದನ್ನು ಮೈ ಕಲಿಯಬೇಕು. 'ಇನ್ನೊಂದೇ ಒಂದು' ಅನ್ನುವ ಯೋಚನೆ ಬಂದಾಗ ಅದನ್ನೂ ಬರೆದಿಡಿ, ಮುಂದಿನ ಭೇಟಿಯಲ್ಲಿ ಚಿಕಿತ್ಸಕರು ಅದನ್ನೇ ಹಿಡಿದು ಮಾತಾಡುತ್ತಾರೆ.

ಖಾಲಿಯಾದ ಹೊತ್ತಿಗೆ ಏನಾದರೂ ಹಾಕಲೇಬೇಕು. ಶನಿವಾರದ ಭಜನೆ, ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ, ಯಕ್ಷಗಾನದ ಅಭ್ಯಾಸ, ಪುಣೆಯಲ್ಲಾದರೆ ಬೆಳಿಗ್ಗೆ ಪರ್ವತಿ ಹತ್ತುವುದು, ಗೋವಾದಲ್ಲಾದರೆ ಬಿಸಿಲೇರುವ ಮುಂಚೆ ಸಮುದ್ರದ ದಂಡೆ. ಒಂಟಿಯಾಗಿ ಮಾಡುವುದಕ್ಕಿಂತ ಯಾರಾದರೂ "ಯಾಕೋ ಬರಲಿಲ್ಲ?" ಅಂತ ಕೇಳುವಂಥದ್ದನ್ನು ಆರಿಸಿಕೊಳ್ಳಿ.

ಔಷಧಿ? ಇಂಟರ್ನೆಟ್ ಗೀಳಿಗೆಂದೇ ಮಂಜೂರಾದ ಮಾತ್ರೆ ಇಲ್ಲ. ಹಿಂದೆ ಬೇಸರದ ಕಾಯಿಲೆಯೋ ಗಾಬರಿಯೋ ಇದ್ದರೆ ಅದಕ್ಕೆ ಮನೋವೈದ್ಯರು ಕೊಡುತ್ತಾರೆ, ಅದು ಇಳಿದಾಗ ಫೋನಿನ ಎಳೆತವೂ ಇಳಿಯುವುದುಂಟು.

ಮನೆಯವರಿಗೆ

ಫೋನು ಕಿತ್ತುಕೊಂಡು ಬೀರುವಿನಲ್ಲಿ ಇಡಬೇಡಿ. ಬೇರೆ ಫೋನು ಬರುತ್ತದೆ, ಸುಳ್ಳು ಜಾಸ್ತಿಯಾಗುತ್ತದೆ. "ಮತ್ತೆ ಶುರುವಾಯ್ತಾ ನಿಂದು?" ಅನ್ನುವುದಕ್ಕಿಂತ "ಬಾ, ಸಾರು ಬಿಸಿ ಇದೆ" ಅನ್ನಿ. ಊಟದ ಹೊತ್ತಿಗೆ ಎಲ್ಲರ ಫೋನೂ ಒಂದೇ ತಟ್ಟೆಯಲ್ಲಿ ಇರಲಿ, ಮಾವನವರ ನ್ಯೂಸ್ ವಿಡಿಯೊ ಕೂಡ. ಮಗನಿಗೆ ಚಿಕಿತ್ಸೆ ಕೊಡಿಸಿ ಅಂತ ಕರೆ ಮಾಡಿದ ತಂದೆಯೊಬ್ಬರು ನನ್ನ ಜೊತೆ ಮಾತಾಡುತ್ತಲೇ ಇನ್ನೊಂದು ಫೋನಿನಲ್ಲಿ ಷೇರು ಮಾರ್ಕೆಟ್ ನೋಡುತ್ತಿದ್ದರು. ಮಗ ಅದನ್ನೇ ಕಲಿತದ್ದು.

ಮಕ್ಕಳ ವಿಷಯದಲ್ಲಿ ಅರ್ಧ ಕೆಲಸ ತಂದೆ ತಾಯಿಯ ಜೊತೆ. ಹನ್ನೆರಡು ವರ್ಷದ ಹುಡುಗನನ್ನು ಒಬ್ಬನೇ ಕ್ಯಾಮೆರಾ ಎದುರು ಕೂರಿಸಿ ಬಾಗಿಲು ಹಾಕಿದರೆ ಏನೂ ಆಗುವುದಿಲ್ಲ. ಶುರುವಿನಲ್ಲಿ ಅಮ್ಮನೋ ಅಪ್ಪನೋ ಜೊತೆಗಿರಲಿ, ಆಮೇಲೆ ಸ್ವಲ್ಪ ಹೊತ್ತು ಅವನೊಬ್ಬನೇ ಮಾತಾಡಲಿ. ಸಣ್ಣ ಮಕ್ಕಳನ್ನು ಎದುರಾ ಎದುರು ನೋಡುವವರ ಹತ್ತಿರ ಕರೆದುಕೊಂಡು ಹೋಗುವುದೇ ವಾಸಿ.

ಜಾರಿದರೆ, ಮತ್ತು ಯಾವಾಗ ನಿಲ್ಲಿಸಬೇಕು

ಜಾರುತ್ತೀರಿ. ಐಪಿಎಲ್ ಸೀಸನ್ನಿನಲ್ಲಿ, ರಾತ್ರಿ ಶಿಫ್ಟಿನಲ್ಲಿ, ಊರಿನಿಂದ ವಾಪಸ್ ಬಂದ ಮೊದಲ ವಾರದಲ್ಲಿ. ಆ ವಾರದ ಭೇಟಿಯನ್ನು ತಪ್ಪಿಸಬೇಡಿ. ತಪ್ಪಿಸಬೇಕು ಅನ್ನಿಸುವುದೇ ಆಗ. "ಈ ವಾರ ಹಾಳಾಯ್ತು" ಅಂತ ಒಂದು ಮೆಸೇಜು ಹಾಕಿ, ಡೈರಿ ಖಾಲಿ ಇದ್ದರೂ ಹಿಡಿದುಕೊಂಡು ಕೂರಿ.

ಮೂರು ನಾಲ್ಕು ಭೇಟಿಯಾದರೂ ಮಾತು ಸರಿ ಹೋಗದಿದ್ದರೆ ಅವರಿಗೇ ನೇರ ಹೇಳಿ. ಒಳ್ಳೆಯವರು ದಾರಿ ಬದಲಿಸುತ್ತಾರೆ, ಇಲ್ಲವೇ ಬೇರೆಯವರ ಹೆಸರು ಕೊಡುತ್ತಾರೆ. ಸುಮ್ನೆ ಫೋನು ಎತ್ತದೆ ಮಾಯವಾಗಬೇಡಿ, ದುಡ್ಡಿನ ಬಾಕಿ ಇದ್ದರೂ ಸರಿ.

ನಿದ್ದೆ ತಿಂಗಳುಗಟ್ಟಲೆ ಸರಿಯಾಗಿ ಬರುತ್ತಿದ್ದರೆ, ಎಷ್ಟು ಹೊತ್ತು ನೋಡಿದೆ ಅಂತ ಸುಳ್ಳು ಹೇಳುವ ಅಗತ್ಯ ಬೀಳದಿದ್ದರೆ ಭೇಟಿಯನ್ನು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮಾಡಿಕೊಳ್ಳಿ. ಕೊನೆಯ ಭೇಟಿಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ: ನನಗೆ ಜಾರುವ ಹೊತ್ತು ಯಾವುದು, ಮೊದಲು ಕಾಣುವ ಗುರುತು ಯಾವುದು, ಆಗ ಯಾರಿಗೆ ಫೋನು ಮಾಡಬೇಕು. ಅದನ್ನು ಚಾರ್ಜರ್ ಇರುವ ಗೋಡೆಗೆ ಅಂಟಿಸಿ. ಕೆಳಗೆ 14416 ಕೂಡ ಬರೆದಿಡಿ, ಆ ಹೊತ್ತಿಗೆ ನಂಬರು ನೆನಪಾಗುವುದಿಲ್ಲ.